ತಾಳ್ಮೆಯಿದೆ, ಚೆನ್ನಾಗಿ ಮಾತಾಡ್ತೀನಿ. ಕನ್ನಡ ಕಲಿಸಲು ಇಷ್ಟು ಸಾಕಾ?

ಬೆಂಗಳೂರಿನಲ್ಲೇ ಬೆಳೆದಿದ್ದೀರಿ, ಆಫೀಸಿನ ಹೊರರಾಜ್ಯದವರು ಕನ್ನಡ ಕಲಿಸಿ ಎಂದು ದುಂಬಾಲು ಬಿದ್ದಿದ್ದಾರೆ, ತರಬೇತಿ ಇಲ್ಲದಿದ್ದರೂ ತಾಳ್ಮೆ ಮತ್ತು ಮಾತುಗಾರಿಕೆ ಇದೆ, ಸಾಕೇ ಎಂದು ಕೇಳಿದ್ದೀರಿ. ತಾಳ್ಮೆ ಇರಲಿ, ಬೇಡ ಅನ್ನುವವರು ಯಾರು? ಮಾತುಗಾರಿಕೆಯ ಬಗ್ಗೆ ಮಾತ್ರ ನನಗೆ ಅನುಮಾನ. ಭಾಷೆ ಕಲಿಸುವವರಲ್ಲಿ ನಾನು ಮೊದಲು ನೋಡುವುದು ಕಿವಿಯನ್ನು. ತಪ್ಪು ಕಿವಿಗೆ ಬಿದ್ದ ಕೂಡಲೇ ಅದು ಎಲ್ಲಿಂದ ಬಂತು ಎಂದು ಗುರುತಿಸುವ ಕಿವಿ ಬೇಕು.

ಹಿಂದಿಯವರು 'ಅವರು ಡಾಕ್ಟರ್ ಇದ್ದಾರೆ' ಅನ್ನುತ್ತಾರೆ, ಏಕೆಂದರೆ ಹಿಂದಿಯಲ್ಲಿ ಇಂಥ ವಾಕ್ಯದ ಕೊನೆಗೆ 'ಹೈ' ಬೇಕೇ ಬೇಕು. 'ಇದು ನನ್ನ ಬ್ಯಾಗ್ ಇಲ್ಲ' ಅನ್ನುವುದೂ ಅಲ್ಲಿಂದಲೇ. ನಮ್ಮ 'ಇಲ್ಲ', 'ಅಲ್ಲ' ಎರಡಕ್ಕೂ ಅವರಲ್ಲಿ ಒಂದೇ 'ನಹೀಂ'. ಹಿಂದಿಯಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ 'ಕೊಡಿ' ಹೋಗಿ 'ಕೋಡಿ' ಆಗುತ್ತದೆ, ಳಕಾರವಿಲ್ಲದ್ದರಿಂದ 'ನಮ್ಮ ಹಳ್ಳಿ' ಹೋಗಿ 'ನಮ್ಮ ಹಲ್ಲಿ'. ತೆಲುಗಿನಲ್ಲಿ 'ಅವಳು ಬಂದಳು', 'ಅದು ಬಂತು' ಎರಡಕ್ಕೂ ಕ್ರಿಯಾಪದ ಒಂದೇ ರೂಪ, ಹಾಗಾಗಿ 'ಅವಳು ಬಂತು' ಬರುತ್ತದೆ. ಮಲಯಾಳಿಗಳು ಪದಗಳನ್ನು ಬೇಗ ಹಿಡಿಯುತ್ತಾರೆ, ಆದರೆ ಮಲಯಾಳದಲ್ಲಿ ನಾನು, ಅವನು, ಅವಳು ಯಾರೇ ಹೋದರೂ ಕ್ರಿಯಾಪದ ಬದಲಾಗುವುದಿಲ್ಲ. ಹೋದೆ, ಹೋದ, ಹೋದಳು ಅವರಿಗೆ ಹೊಸ ತಲೆನೋವು. ಬಂಗಾಳಿಗಳಲ್ಲಿ ಅವನು, ಅವಳು ಇಬ್ಬರಿಗೂ ಒಂದೇ ಸರ್ವನಾಮ. ಇದೆಲ್ಲ ಗೊತ್ತಿದ್ದರೆ 'ಮತ್ತೆ ಹೇಳಿ, ಮತ್ತೆ ಹೇಳಿ' ಎಂದು ಹಿಂಸೆ ಕೊಡುವ ಬದಲು ಒಂದೇ ಮಾತಿನಲ್ಲಿ ಗಂಟು ಬಿಡಿಸಬಹುದು. ಅರ್ಧ ತಾಳ್ಮೆ ಉಳಿಯುವುದೂ ಇಲ್ಲೇ.

ಎರಡನೆಯದು, ನಮ್ಮ ಬಾಯಿಗೆ ತಾನಾಗಿ ಬರುವುದನ್ನು ಹೊರಗಿನಿಂದ ನೋಡುವ ಶಕ್ತಿ. ತಾಯ್ನುಡಿಯವರಿಗೆ ಇದೇ ಅತಿ ಕಷ್ಟ. ಈಗಲೇ ಪರೀಕ್ಷಿಸಿಕೊಳ್ಳಿ: 'ನೋಡು' ಹೋಗಿ 'ನೋಡಿದೆ' ಆದರೆ, 'ಕೊಡು' ಏಕೆ 'ಕೊಡಿದೆ' ಆಗುವುದಿಲ್ಲ? 'ಅದು ಹಾಗೇನೇ' ಎಂಬ ಉತ್ತರ ಸಾಲದು. ಕೊಡು, ಬಿಡು, ಇಡು, ಸುಡು, ನೆಡು: ಇವುಗಳ ಮೊದಲ ಸ್ವರ ಹ್ರಸ್ವ. ಹಾಗಾಗಿ ಕೊಟ್ಟೆ, ಬಿಟ್ಟೆ, ಇಟ್ಟೆ, ಸುಟ್ಟೆ, ನೆಟ್ಟೆ. ಮಾಡು, ನೋಡು, ಓಡು, ಹಾಡುಗಳದು ದೀರ್ಘ, ಆದ್ದರಿಂದ ಮಾಡಿದೆ, ನೋಡಿದೆ. ಇಷ್ಟನ್ನು ಎರಡು ಸಾಲಾಗಿ ಬೋರ್ಡಿನ ಮೇಲೆ ಬರೆದು ಸುಮ್ಮನಿದ್ದರೆ ಕಲಿಯುವವರೇ ನಿಯಮ ಕಂಡುಹಿಡಿಯುತ್ತಾರೆ, ಹಾಗೆ ಕಂಡುಕೊಂಡದ್ದು ಮರೆಯುವುದಿಲ್ಲ. ಆದರೆ 'ಹೇಳು' ಹೇಳಿದೆ ಆದರೆ 'ಬೀಳು' ಬಿದ್ದೆ, 'ಏಳು' ಎದ್ದೆ. ಇಲ್ಲಿ ಇಲ್ಲದ ನಿಯಮ ಹೊಸೆಯಬೇಡಿ. 'ಇವೆರಡನ್ನು ಬಾಯಿಪಾಠ ಮಾಡಿ' ಎಂದು ನೇರವಾಗಿ ಹೇಳುವುದೂ ಮೇಷ್ಟ್ರ ಒಂದು ಗುಣವೇ.

ಇನ್ನು ಮಾತುಗಾರಿಕೆ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಮಾತಾಡುವವರಿಗೆ ನರಕ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಗಮನಿಸಿ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ತೋರಿಸಿದರು. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಪದ ಹುಡುಕಿ, ವಿಭಕ್ತಿ ಅಂಟಿಸಿ, ಕ್ರಿಯಾಪದ ಕೊನೆಗೆ ತರಬೇಕಾದ ಹೊಸಬರಿಗೆ 3 ಸೆಕೆಂಡೂ ಕಡಿಮೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ತಿದ್ದುವುದರಲ್ಲಿಯೂ ಸಂಯಮ ಬೇಕು. ಅವತ್ತಿನ ಪಾಠ 'ಇಲ್ಲ/ಅಲ್ಲ' ಆದರೆ ಆ ತಪ್ಪನ್ನು ಅಲ್ಲೇ ತಿದ್ದಿ, ಉಳಿದವನ್ನು ಚೀಟಿಯಲ್ಲಿ ಬರೆದುಕೊಂಡು ಕೊನೆಯ ಐದು ನಿಮಿಷಕ್ಕಿಡಿ. ತಪ್ಪು ವಾಕ್ಯವನ್ನು ನೀವೇ ಸರಿಯಾಗಿ ಹೇಳಿ ಮುಂದೆ ಹೋಗುವ ಅಭ್ಯಾಸ ಎಲ್ಲರಿಗೂ ಇದೆ. ಅದು ಸಭ್ಯತೆ, ಆದರೆ ತಿದ್ದಿದ್ದೀರಿ ಎಂಬುದೇ ಎಷ್ಟೋ ಸಲ ಅವರ ಗಮನಕ್ಕೆ ಬರುವುದಿಲ್ಲ. 'ಇದು ನನ್ನ ಬ್ಯಾಗ್...' ಎಂದು ಅರ್ಧಕ್ಕೆ ನಿಲ್ಲಿಸಿ, ಅವರ ಮುಖ ನೋಡಿ. ಮುಗಿಸುವುದು ಅವರ ಕೆಲಸ.

ಯಾವ ಕನ್ನಡ ಕಲಿಸಬೇಕೆಂಬ ವಿವೇಚನೆಯನ್ನು ಜನ ಗುಣಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ, ಬೆಂಗಳೂರಿನಲ್ಲಿ ಇದು ದೊಡ್ಡದು. ಪುಸ್ತಕದ 'ನಾನು ಬರುವುದಿಲ್ಲ' ಕಲಿತವರಿಗೆ ಆಟೋದವರ 'ಬರಲ್ಲ' ಅರ್ಥವಾಗುವುದಿಲ್ಲ. ಮಾಡ್ತೀನಿ, ಹೋಗ್ತಾ ಇದೀನಿ, ಎಲ್ಲಿದೀರ, ಇದರಿಂದಲೇ ಶುರು ಮಾಡಿ. ಬರಹದ ರೂಪ ಲಿಪಿಯ ಜೊತೆಗೆ ಆಮೇಲೆ ಬರಲಿ. ಮೊದಲ ತಿಂಗಳು 'ನೀವು', 'ಬನ್ನಿ', 'ಕೊಡಿ' ಮಾತ್ರ ಸಾಕು. 'ಬಾ', 'ಕೊಡು' ಮೊದಲೇ ಕಲಿತವರು ಕಂಡಕ್ಟರಿಗೆ 'ಟಿಕೆಟ್ ಕೊಡು' ಅಂದು ಬೈಸಿಕೊಳ್ಳುತ್ತಾರೆ, ಬೈದವರ ತಪ್ಪೇನೂ ಇಲ್ಲ.

'ಮೆಜೆಸ್ಟಿಕ್ ಒಂದು ಕೊಡಿ' ಎಂದು ಕಲಿಸಿ ಬಿಟ್ಟರೆ ಪಾಠ ಅರ್ಧ. ಎದುರಿನಿಂದ ಬರಬಹುದಾದದ್ದನ್ನೂ ಕೇಳಿಸಬೇಕು: 'ಚಿಲ್ರೆ ಕೊಡಿ', 'ಈ ಬಸ್ ಹೋಗಲ್ಲ', 'ಹಿಂದಿನ ಬಸ್ ಹತ್ತಿ'. ಗಾಂಧಿ ಬಜಾರಿನಲ್ಲಿ 'ಮಲ್ಲಿಗೆ ಮಾರು ಎಷ್ಟು?' ಎಂದು ಕೇಳಿಬರಲು ಕಳಿಸುವುದಾದರೆ ಅರವತ್ತು, ಎಂಬತ್ತು, ನೂರಿಪ್ಪತ್ತು ಕಿವಿಗೆ ಬಿದ್ದಾಗ ಗೊತ್ತಾಗುವಷ್ಟು ಸಂಖ್ಯೆಗಳು ಮೊದಲೇ ಬೇಕು. ಮುಖ ನೋಡಿದ ಕೂಡಲೇ ಹಿಂದಿಗೋ ಇಂಗ್ಲಿಷಿಗೋ ಜಾರುವ ಒಳ್ಳೆಯ ಮನಸ್ಸು ನಮ್ಮೂರಿನವರದು. ಅದಕ್ಕೆ 'ಕನ್ನಡದಲ್ಲೇ ಹೇಳಿ, ಕಲೀತಾ ಇದೀನಿ' ಎಂಬ ವಾಕ್ಯವನ್ನು ಮೊದಲ ದಿನವೇ ಕೊಡಿ. ನೀವೂ ಜಾರಬಾರದು. ಇಂಗ್ಲಿಷ್ ವಿವರಣೆ ಎರಡು ನಿಮಿಷ ಮೀರಿದರೆ ಉದಾಹರಣೆಗಳು ಸಾಲಲಿಲ್ಲ ಎಂದು ತಿಳಿಯಿರಿ.

ಉಚ್ಚಾರ ಶುದ್ಧವಾಗಿರಬೇಕು, ಸಮಯಪಾಲನೆ ಬೇಕು, ಯಾರನ್ನೂ ನೋಡಿ ನಗಬಾರದು. ಇವು ನಿಮಗೇ ಗೊತ್ತು.

ಬ್ಯಾಚ್ ಶುರು ಮಾಡುವ ಮೊದಲು ಒಬ್ಬ ಸಹೋದ್ಯೋಗಿಗೆ 20 ನಿಮಿಷ ಪಾಠ ಮಾಡಿ, ಅವರನ್ನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಗೆ ಹೋಗಿ ಕೇಳುತ್ತಾ ನಿಮ್ಮ ಮಾತು ಎಷ್ಟು ನಿಮಿಷ, ಅವರದು ಎಷ್ಟು ಎಂದು ಬರೆಯಿರಿ. ನಿಮ್ಮದು 10 ನಿಮಿಷ ದಾಟಿದರೆ ವಿವರಣೆ ಕತ್ತರಿಸಿ ಮತ್ತೊಮ್ಮೆ ಮಾಡಿ. ನಂತರ ಅವರ ತಪ್ಪುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಕಾರಣ ಬರೆಯಲು ನೋಡಿ. ಅರ್ಧಕ್ಕಾದರೂ ಕಾರಣ ಹೊಳೆದರೆ ಶುರು ಮಾಡಿ: ಗಂಟೆಗೆ ಒಂದೇ ವಾಕ್ಯಮಾದರಿ, ಎಂಟು ಹೊಸ ಪದ, ಮೊದಲ ಹತ್ತು ನಿಮಿಷ ಹಿಂದಿನ ಪಾಠದ ಪುನರಾವರ್ತನೆ, ಆರು ಜನಕ್ಕಿಂತ ಹೆಚ್ಚು ಬೇಡ. ಸಾಧ್ಯವಾದರೆ ಹಿಂದಿಯವರನ್ನೂ ಮಲಯಾಳಿಗಳನ್ನೂ ಬೇರೆ ಬೇರೆ ದಿನ ಕೂರಿಸಿ. ಅವರ ವೇಗವೂ ಒಂದಲ್ಲ, ತಪ್ಪುಗಳೂ ಒಂದಲ್ಲ.