ಸ್ಯಾನ್ ಫ್ರಾನ್ಸಿಸ್ಕೋದ ಗೇ ಬಾರ್‌ನಲ್ಲಿ ಬೆಂಗಳೂರಿನ ಸಂಸ್ಥೆಗಾಗಿ ಚಂದಾ ಎತ್ತಬಹುದೇ, ಅಥವಾ ಸಭಾಂಗಣ ಹಿಡಿಯುವುದು ಒಳ್ಳೆಯದೇ?

ಬಾರ್‌ನಲ್ಲೇ ಎತ್ತಿ. ಸಭಾಂಗಣ ಹಿಡಿದು ಕೈಸುಟ್ಟುಕೊಂಡವನು ಹೇಳುತ್ತಿದ್ದೇನೆ.

ಕುಡಿಯುವ ಜಾಗದಲ್ಲಿ ಕೂಡಿಸಿದ ಹಣವನ್ನು ಮನೆಯಿಂದ ಹೊರಬಿದ್ದ ಹುಡುಗರಿಗೆ ಕೊಟ್ಟರೆ ನಾಲ್ಕು ಜನ ಏನೆಂದಾರು ಎಂಬ ಅಳುಕು ನನಗೂ ಇತ್ತು. ಸಭಾಂಗಣಕ್ಕೆ ಮುಂಗಡ ಕೊಟ್ಟೆ. ಆಮೇಲೆ ಒಂದು ದಿನದ ಮಟ್ಟಿಗೆ ವಿಮೆ ಮಾಡಿಸಬೇಕೆಂದರು. ಕಸ ಗುಡಿಸುವುದಕ್ಕೆ ಬೇರೆ ಶುಲ್ಕ, ಮೈಕಿಗೆ ಬೇರೆ. ಊಟವಿಲ್ಲದಿದ್ದರೆ ನಮ್ಮವರು ಬರುವುದಿಲ್ಲವೆಂದು ಬಿಸಿಬೇಳೆಬಾತ್, ಮೊಸರನ್ನ ತರಿಸಿದೆ. ಬಂದವರು ಉಂಡರು, ಮಿಕ್ಕಿದ್ದನ್ನು ಡಬ್ಬಿಗೆ ತುಂಬಿಸಿಕೊಂಡು, ಒಳ್ಳೆಯ ಕೆಲಸ ಎಂದು ಬೆನ್ನು ತಟ್ಟಿ ಹೋದರು. ಬಂದ ಚಂದಾ ಖರ್ಚಿಗೂ ಸಾಲಲಿಲ್ಲ. ಉಳಿದದ್ದನ್ನು ನನ್ನ ಜೇಬಿನಿಂದ ತುಂಬಿದೆ. ಕೊಟ್ಟು ರೂಢಿಯಿರುವ ಜನ ಸೇರುವಲ್ಲಿಗೆ ಹೋಗುವುದು ಬಿಟ್ಟು, ನನ್ನ ಮರ್ಯಾದೆಗೆ ಒಪ್ಪುವ ಜಾಗಕ್ಕೆ ಬನ್ನಿ ಎಂದು ಕರೆದಿದ್ದೆ. ಊಟ, ಬಾಡಿಗೆ ಎಲ್ಲವೂ ಆ ಬುದ್ಧಿಯ ಬಾಲಂಗೋಚಿ.

ಈ ಊರಿನ ಗೇ ಬಾರ್‌ಗಳು ಚಂದಾ ಎತ್ತುವುದನ್ನು ನಿನ್ನೆ ಮೊನ್ನೆ ಕಲಿತದ್ದಲ್ಲ. ಪೊಲೀಸರು ಬಾರ್‌ಗಳಿಗೆ ನುಗ್ಗಿ ಸಿಕ್ಕವರನ್ನು ಎಳೆದೊಯ್ಯುತ್ತಿದ್ದ ಕಾಲದಲ್ಲಿ, 1962ರಲ್ಲಿ, ಮಾಲೀಕರೂ ಕೆಲಸಗಾರರೂ ಸೇರಿ ಟ್ಯಾವರ್ನ್ ಗಿಲ್ಡ್ ಎಂಬ ಸಂಘ ಕಟ್ಟಿದರು. ಬಂಧಿತರಿಗೆ ಜಾಮೀನು, ವಕೀಲರು, ಕೆಲಸ ಕಳೆದುಕೊಂಡ ಬಾರ್ ನೌಕರರಿಗೆ ನೆರವು, ಇವು ಅದರ ಮೊದಲ ಖರ್ಚುಗಳು. ಬ್ಲ್ಯಾಕ್ ಕ್ಯಾಟ್ ಎಂಬ ಬಾರ್‌ನಲ್ಲಿ ಹೆಣ್ಣುವೇಷ ತೊಟ್ಟು ಹಾಡುತ್ತಿದ್ದ ಹೋಸೆ ಸರಿಯಾ 1961ರಲ್ಲಿ ನಗರದ ಆಡಳಿತ ಮಂಡಳಿಯ ಚುನಾವಣೆಗೆ ನಿಂತು ಐದು ಸಾವಿರಕ್ಕೂ ಹೆಚ್ಚು ಮತ ಪಡೆದರು. 1965ರಲ್ಲಿ ತಮ್ಮನ್ನು ತಾವೇ ಸಾಮ್ರಾಜ್ಞಿಯೆಂದು ಘೋಷಿಸಿಕೊಂಡು ಅವರು ಶುರುಮಾಡಿದ 'ಇಂಪೀರಿಯಲ್ ಕೋರ್ಟ್' ಎಂಬ ಸಂಘಟನೆ ಇಂದು ಅಮೆರಿಕ, ಕೆನಡಾಗಳ ಹಲವು ಊರುಗಳಲ್ಲಿ ಕಿರೀಟ, ದರ್ಬಾರುಗಳ ಗಮ್ಮತ್ತಿನಲ್ಲೇ ದೇಣಿಗೆ ಕೂಡಿಸುತ್ತದೆ.

ನಾನು ಪಾಠ ಕಲಿತದ್ದು ಹನ್ನೆರಡನೆಯ ಬೀದಿಯ 'ಈಗಲ್' ಬಾರ್‌ನಲ್ಲಿ. ಅದು ತೆರೆದದ್ದು 1981ರಲ್ಲಿ. ಏಡ್ಸ್‌ನ ಮೊದಲ ವರದಿಗಳು ಬಂದದ್ದೂ ಅದೇ ವರ್ಷ. ಅಲ್ಲಿನ ಭಾನುವಾರದ 'ಬಿಯರ್ ಬಸ್ಟ್' ರೋಗಿಗಳ ನೆರವಿಗೆ ವರ್ಷಗಟ್ಟಲೆ ಹಣ ಎತ್ತಿತು. ಕ್ರಮ ಸರಳ: ಒಂದು ಮೊತ್ತ ಕೊಟ್ಟರೆ ಕೈಗೊಂದು ಲೋಟ, ಮಧ್ಯಾಹ್ನವಿಡೀ ಎಷ್ಟು ಬೇಕಾದರೂ ಬಿಯರ್, ಬಂದ ಹಣ ಆ ವಾರದ ಸಂಸ್ಥೆಗೆ. ಜೊತೆಗೆ ಲಾಟರಿ ಚೀಟಿ. ಗಡ್ಡದ ಆಸಾಮಿಯೊಬ್ಬ ಚೀಟಿಯ ಸುರುಳಿಯನ್ನು ನನ್ನ ಚಾಚಿದ ತೋಳಿನುದ್ದಕ್ಕೂ, ಹೂವಾಡಗಿತ್ತಿ ಮೊಳ ಹಾಕಿದಂತೆ, ಅಳೆದು ಹರಿದುಕೊಟ್ಟ. ಉದ್ದ ತೋಳಿನವರಿಗೆ ಲಾಭ; ನಾನು ಗಿಡ್ಡ. ನಾನು ಕುಡಿಯುವವನೂ ಅಲ್ಲ, ಸೋಡಾ ಹಿಡಿದು ನಿಂತಿದ್ದೆ. ಯಾರೂ ಏಕೆಂದು ಕೇಳಲಿಲ್ಲ.

2011ರಲ್ಲಿ ಈಗಲ್ ಮುಚ್ಚಿದಾಗ ಬೀದಿಗಿಳಿದು ಪ್ರತಿಭಟಿಸಿದವರು ಬರೀ ಕುಡುಕರಾಗಿರಲಿಲ್ಲ. 2013ರಲ್ಲಿ ಅದು ಮತ್ತೆ ತೆರೆಯಿತು, 2021ರಲ್ಲಿ ನಗರದ ಅಧಿಕೃತ ಸ್ಮಾರಕಗಳ ಪಟ್ಟಿಗೂ ಸೇರಿತು. ಬಾರ್ ಗೌರವದ ಜಾಗವೇ ಎಂಬ ನಿಮ್ಮ ಅನುಮಾನಕ್ಕೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ನೀವು ನಿಜವಾಗಿ ಚಿಂತಿಸಬೇಕಾದದ್ದು ಬೇರೆ. ಬೆಂಗಳೂರಿನ ಆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಭಾರತದ ಕಾನೂನಿನಡಿ, ನೋಂದಣಿ ಇದೆಯೇ? ಅದಾಗಲಿ ಸರ್ಕಾರದ ಪೂರ್ವಾನುಮತಿಯಾಗಲಿ ಇಲ್ಲದಿದ್ದರೆ ವಿದೇಶಿಯರು ಕೊಟ್ಟ ಹಣವನ್ನು ಅವರು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೇ ಹೋಗಬೇಕು. ಇವತ್ತೇ ಫೋನ್ ಮಾಡಿ ಕೇಳಿ. ಬಾರ್‌ನವರೊಂದಿಗೆ ಭಾನುವಾರ ಗೊತ್ತುಮಾಡುವುದು ಆಮೇಲೆ.