ನಿಮ್ಮ ಅಂಗಡಿ, ನಿಮ್ಮ ದೇವರು, ಅವರ ಮದುವೆ

ಸಂಪಾದಕರೇ,

ಸುಲ್ತಾನಪೇಟೆಯಲ್ಲಿ ನಮ್ಮದು ಲಗ್ನಪತ್ರಿಕೆ ಅಂಗಡಿ. ತಂದೆಯವರ ಕಾಲದಿಂದ ನಡೆಸಿಕೊಂಡು ಬಂದಿದ್ದೇವೆ. ಹೋದ ತಿಂಗಳು ಒಂದು ಜೋಡಿ ಬಂದಿತ್ತು. ಹುಡುಗಿ ನಮ್ಮ ಪೈಕಿ, ಹುಡುಗ ಮುಸ್ಲಿಂ. ಕಾರ್ಡ್ ಮಾಡಿಕೊಡುವುದಿಲ್ಲ ಎಂದೆ. ಬೈಯಲಿಲ್ಲ, ಜಗಳವಾಡಲಿಲ್ಲ. ಅಮೆರಿಕದಲ್ಲಿರುವ ಮಗ ಹೇಳಿದ: ಅಲ್ಲಿ ಮದುವೆ ವೆಬ್‌ಸೈಟ್ ಮಾಡುವ ಹೆಂಗಸೊಬ್ಬರ ಪರವಾಗಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆಯಂತೆ, ತನ್ನ ಧರ್ಮ ಒಪ್ಪದ ಮದುವೆಗೆ ಕೆಲಸ ಮಾಡಬೇಕಿಲ್ಲ ಅಂತ. ನಮ್ಮಲ್ಲೂ ಅಂಥ ಕಾನೂನು ಬೇಡವೇ? ಅಂಗಡಿ ನನ್ನದು, ಬಂಡವಾಳ ನನ್ನದು, ದೇವರು ನನ್ನವನು. ನಾನು ಮಾಡಿದ್ದು ತಪ್ಪಾ?

— ಓದುಗ, ಸುಲ್ತಾನಪೇಟೆ

ಸಂಪಾದಕರ ಉತ್ತರ

ಸ್ವಾಮಿ, ಬಂದವರಿಗೆ ‘ಮೆಷಿನ್ ಕೆಟ್ಟಿದೆ’, ‘ಆರ್ಡರ್ ಜಾಸ್ತಿ ಇದೆ’ ಎಂದು ಸುಳ್ಳು ಹೇಳಿ ಸಾಗಹಾಕುವವರೇ ಬಹಳ. ನೀವು ಕಾರಣ ಹೇಳಿದಿರಿ. ಆಮೇಲೆ ಕೂತು, ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿ ಪತ್ರ ಬರೆದಿರಿ. ಅದಕ್ಕೇ ಈ ಸಲ ಪುಟದ ತುಂಬ ನಿಮ್ಮೊಬ್ಬರಿಗೇ ಉತ್ತರ.

ಹೌದು, ತಪ್ಪು ಮಾಡಿದಿರಿ.

ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದೂ ಒಂದಿದೆ. ನಾನು ನಂಬದ ಮಾತನ್ನು ನನ್ನ ಕೈಯಿಂದ ಬರೆಸಬೇಡಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇರಬೇಕು. ನಿಮ್ಮ ದೇವರನ್ನು ಹೀಯಾಳಿಸುವ ಕರಪತ್ರ ಯಾರಾದರೂ ತಂದರೆ ಆಗೋದಿಲ್ಲ ಎನ್ನಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ. ಉತ್ತರ ಐರ್ಲೆಂಡಿನ ಆಶರ್ಸ್ ಬೇಕರಿ, ಸಲಿಂಗ ವಿವಾಹವನ್ನು ಬೆಂಬಲಿಸುವ ಘೋಷಣೆಯನ್ನು ಕೇಕಿನ ಮೇಲೆ ಬರೆಯಲು ಒಪ್ಪಲಿಲ್ಲ. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬೇಕರಿಯ ಪರ ನಿಂತಿತು. ಅವರು ಬೇಡ ಎಂದದ್ದು ಆ ಮಾತನ್ನು, ಕೇಕ್ ಕೇಳಿದ ಮನುಷ್ಯನನ್ನಲ್ಲ ಎಂದಿತು. ಆ ತೀರ್ಪು ನನಗೆ ಸರಿ ಅನ್ನಿಸುತ್ತದೆ.

ನಿಮ್ಮ ಅಂಗಡಿಗೆ ಬಂದ ಜೋಡಿ ಯಾವ ಮಾತು ಬರೆಯಿರಿ ಎಂದಿತ್ತು? ಎರಡು ಹೆಸರು, ಒಂದು ತಾರೀಕು, ಒಂದು ಕಲ್ಯಾಣ ಮಂಟಪದ ವಿಳಾಸ. ಸುಲ್ತಾನಪೇಟೆಯ ಕಾರ್ಡ್ ಅಂಗಡಿಗಳಲ್ಲಿ ನಾನೂ ಮೆಟ್ಟಿಲು ಹತ್ತಿ ಇಳಿದವನೇ. ಸ್ಯಾಂಪಲ್ ಆಲ್ಬಮ್ ತೆರೆದರೆ ಮೊದಲು ಗಣಪತಿ, ಹಾಳೆ ತಿರುಗಿಸಿದರೆ ಶಿಲುಬೆ, ಇನ್ನೊಂದು ತಿರುಗಿಸಿದರೆ 786. ಮೂರನ್ನೂ ಮಾರುತ್ತಾ ಬಂದ ಪೇಟೆ ಅದು. 786 ಅಚ್ಚು ಹಾಕುವಾಗ ನಿಮ್ಮ ದೇವರು ಅಡ್ಡ ಬರಲಿಲ್ಲ. ಎರಡು ಮನೆಯ ಹೆಸರು ಒಂದೇ ಹಾಳೆಗೆ ಬಂದಾಗ ಮಾತ್ರ ಬಂದನೇ? ಸಾವಧಾನವಾಗಿ ಯೋಚನೆ ಮಾಡಿ. ನಿಮ್ಮನ್ನು ತಡೆದದ್ದು ಧರ್ಮವೋ, ನೆಂಟರಿಷ್ಟರು ಏನಂದಾರು ಎನ್ನುವ ಅಂಜಿಕೆಯೋ?

ಇನ್ನು ಅಮೆರಿಕದ ವಿಷಯ. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. 2023ರ ಜೂನ್ 30ರಂದು ಬಂದ ಆ ತೀರ್ಪಿನಲ್ಲಿ ಆರು ಜನ ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಸಲಿಂಗ ಮದುವೆಗೆ ವೆಬ್‌ಸೈಟ್ ಮಾಡುವುದಿಲ್ಲ ಎಂದ ಕೊಲರಾಡೊದ ಆ ವಿನ್ಯಾಸಕಿ ಗೆದ್ದದ್ದು ಧರ್ಮದ ಹೆಸರಿನಲ್ಲಲ್ಲ, ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ. ಜನರಿಗಾಗಿ ತೆರೆದ ವ್ಯಾಪಾರಕ್ಕೆ, ಕಾನೂನು ರಕ್ಷಣೆ ಕೊಟ್ಟ ಜನರನ್ನೇ ಹೊರಗಿಡುವ ಹಕ್ಕನ್ನು ಈ ಕೋರ್ಟ್ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಕೊಟ್ಟಿದೆ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಭಿನ್ನಮತ ಬರೆದರು. ಅದಕ್ಕೂ ಮೊದಲು, 2018ರಲ್ಲಿ, ಸಲಿಂಗ ಜೋಡಿಗೆ ಮದುವೆ ಕೇಕ್ ಮಾಡಿಕೊಡದ, ಅದೇ ಕೊಲರಾಡೊದ ಮಾಸ್ಟರ್‌ಪೀಸ್ ಕೇಕ್ ಅಂಗಡಿಯೂ ಗೆದ್ದಿತ್ತು. ಆದರೆ ಅಲ್ಲಿನ ನಾಗರಿಕ ಹಕ್ಕು ಆಯೋಗ ಅಂಗಡಿಯವರ ನಂಬಿಕೆಯನ್ನು ಹಗುರವಾಗಿ ಕಂಡಿತು ಎನ್ನುವ ಕಾರಣಕ್ಕೆ. ಧರ್ಮದ ಆಕ್ಷೇಪ ಇದೆ ಎಂದಮಾತ್ರಕ್ಕೆ ವ್ಯಾಪಾರಿ ಗಿರಾಕಿಯನ್ನು ವಾಪಸ್ ಕಳಿಸುವಂತಿಲ್ಲ, ಅದೇ ಸಾಮಾನ್ಯ ನಿಯಮ ಎಂದು ಆ ತೀರ್ಪಿನೊಳಗೇ ಬರೆದಿದೆ.

ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಅಲ್ಲಿ ಹುಟ್ಟಿದ್ದೇ ಬೇರೆ ಕಾರಣಕ್ಕೆ. ಒರೆಗಾನ್ ರಾಜ್ಯದಲ್ಲಿ ಇಬ್ಬರು ಕೆಲಸಗಾರರು ಮೂಲನಿವಾಸಿ ಚರ್ಚಿನ ಆಚರಣೆಯಲ್ಲಿ ಪೆಯೋಟಿ ಎಂಬ ಅಮಲಿನ ಕಳ್ಳಿಯ ಸೇವನೆ ಮಾಡಿದರು. ಕೆಲಸ ಹೋಯಿತು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. 1990ರಲ್ಲಿ ಕೋರ್ಟ್ ಅವರ ಕೈಬಿಟ್ಟಿತು. ಅದರ ಮೇಲೆ ಎಲ್ಲ ಪಕ್ಷದವರೂ ಸೇರಿ 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ ತಂದರು. ಸರ್ಕಾರದ ಎದುರು ಕೈಯಲ್ಲಿ ಏನೂ ಇಲ್ಲದವನಿಗೆ ಒಂದು ಆಸರೆ ಅದು. 2014ರ ಹೊತ್ತಿಗೆ ಅದೇ ಆಸರೆಯನ್ನು ನೂರಾರು ಮಳಿಗೆಗಳ ಹಾಬಿ ಲಾಬಿ ಕಂಪನಿ ಹಿಡಿದುಕೊಂಡಿತ್ತು, ತನ್ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ವಿಮೆಯಲ್ಲಿ ಕೆಲವು ಗರ್ಭನಿರೋಧಕಗಳನ್ನು ಸೇರಿಸುವುದಿಲ್ಲ ಅನ್ನುವುದಕ್ಕೆ. ಮರುವರ್ಷ ಇಂಡಿಯಾನಾ ರಾಜ್ಯ ಇಂಥದೇ ಕಾನೂನು ಮಾಡಿತು. ಇದನ್ನು ಹಿಡಿದು ಅಂಗಡಿಯವರು ಗಿರಾಕಿಗಳನ್ನು ತಡೆದಾರು ಎಂದು ದೇಶವೆಲ್ಲ ಗಲಾಟೆಯಾಗಿ, ಒಂದೇ ವಾರದಲ್ಲಿ ತಿದ್ದಬೇಕಾಯಿತು. ಬಡವನಿಗಾಗಿ ಕಟ್ಟಿದ ಚಪ್ಪರದಲ್ಲಿ ಸಾಹುಕಾರ ಬಂದು ಹಾಸಿಗೆ ಹಾಸಿಕೊಂಡ ಹಾಗಾಯಿತು.

ದೇವರ ಹೆಸರು ಹೇಳಿ ಗಿರಾಕಿಯನ್ನು ತಡೆಯುವುದು ಅಲ್ಲಿ ಹೊಸದೂ ಅಲ್ಲ. ದಕ್ಷಿಣ ಕೆರೊಲಿನಾದಲ್ಲಿ ಪಿಗ್ಗಿ ಪಾರ್ಕ್ ಎನ್ನುವ ಮಾಂಸದೂಟದ ಹೋಟೆಲುಗಳಿದ್ದವು. ಕರಿಯರನ್ನು ಬಿಳಿಯರ ಜೊತೆ ಕೂರಿಸುವುದು ದೈವೇಚ್ಛೆಗೆ ವಿರುದ್ಧ ಎಂದು ಮಾಲೀಕ ವಾದಿಸಿದ. ಅವನ ಒಂದು ಹೋಟೆಲಿನಲ್ಲಿ ಕರಿಯರು ಅಡುಗೆಮನೆ ಕಿಟಕಿಯ ಹತ್ತಿರ ನಿಂತು, ಕಟ್ಟಿಸಿಕೊಂಡು ಹೋಗಬೇಕಿತ್ತು. 1968ರಲ್ಲಿ ಸುಪ್ರೀಂ ಕೋರ್ಟ್ ಆ ದೇವರ ವಾದವನ್ನು ಒಂದು ಅಡಿಟಿಪ್ಪಣಿಯಲ್ಲಿ ತಳ್ಳಿಹಾಕಿತು. ಅದರ ಹಿಂದಿನ ವರ್ಷವೇ, ಬಿಳಿ ಗಂಡು, ಕರಿ ಹೆಣ್ಣಿನ ಒಂದು ಜೋಡಿಯ ಮೊಕದ್ದಮೆಯಲ್ಲಿ, ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದನ್ನು ಅಪರಾಧ ಮಾಡಿದ್ದ ವರ್ಜೀನಿಯಾದ ಕಾನೂನೂ ಬಿದ್ದಿತ್ತು. ಆ ದಂಪತಿಗೆ ಶಿಕ್ಷೆ ಕೊಟ್ಟಿದ್ದ ಕೆಳಗಿನ ಕೋರ್ಟಿನ ನ್ಯಾಯಾಧೀಶ ಬರೆದಿದ್ದ: ದೇವರು ಬೇರೆ ಬೇರೆ ಬಣ್ಣದವರನ್ನು ಬೇರೆ ಬೇರೆ ಖಂಡಗಳಲ್ಲಿಟ್ಟದ್ದೇ ಅವರು ಬೆರೆಯಬಾರದು ಎಂದು. ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಓದುವಾಗ ನನಗೆ ಈ ನ್ಯಾಯಾಧೀಶನೇ ಕಣ್ಣಮುಂದೆ ಬಂದ.

ಆ ಅಡುಗೆಮನೆ ಕಿಟಕಿಯ ಬಗ್ಗೆ ಓದಿ ಅಮೆರಿಕದವರನ್ನು ಬೈಯಬೇಕಾಗಿಲ್ಲ. ನಾನು ಹುಟ್ಟಿದ ಊರಿನ ಹೋಟೆಲಿನಲ್ಲಿ ಹೊರಗಿನ ಸೂರಿಗೆ ಸಿಕ್ಕಿಸಿದ ಲೋಟಗಳಿದ್ದವು. ದಲಿತರ ಕೇರಿಯವರು ಬಂದರೆ ಆ ಲೋಟ ತಾವೇ ತೆಗೆದು, ತಾವೇ ತೊಳೆದು, ಚಾವಡಿಯ ಕೆಳಗೆ ಕೂತು ಕಾಫಿ ಕುಡಿಯಬೇಕು. ಮೇಲಿನಿಂದ ಹುಯ್ಯುತ್ತಿದ್ದರು. ಹೋಟೆಲಿನ ಯಜಮಾನರು ಕೆಟ್ಟವರಲ್ಲ. ಮಡಿ, ಆಚಾರ, ದೇವರ ಪೂಜೆ ಎಲ್ಲ ಇತ್ತು. ಅವರೂ ಯಾರಿಗೂ ಬೈಯುತ್ತಿರಲಿಲ್ಲ, ಸ್ವಾಮಿ.

ಇದನ್ನೆಲ್ಲ ಉಂಡು ಬೆಳೆದವರೇ ನಮ್ಮ ಸಂವಿಧಾನ ಬರೆದರು. ಹದಿನೈದನೇ ವಿಧಿಯ ಎರಡನೇ ಖಂಡ ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಹೋಟೆಲು, ಮನರಂಜನೆಯ ಜಾಗಗಳಿಂದ ತಡೆಯುವಂತಿಲ್ಲ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರವನ್ನು ಕಟ್ಟಿಹಾಕುವಂಥವು. ಇದು ನನ್ನನ್ನೂ ನಿಮ್ಮನ್ನೂ ಕಟ್ಟಿಹಾಕುವಂಥದ್ದು. 1948ರ ನವೆಂಬರ್ 29ರಂದು ಇದರ ಚರ್ಚೆ ನಡೆದಾಗ ಅಂಗಡಿ ಎಂದರೆ ಏನೇನು, ಅಗಸ, ಕ್ಷೌರಿಕರೂ ಸೇರುತ್ತಾರಾ ಎನ್ನುವ ಪ್ರಶ್ನೆ ಬಂತು. ಅದನ್ನು ವಿಶಾಲವಾಗಿಯೇ ಬಳಸಿದ್ದೇವೆ, ದುಡ್ಡಿಗೆ ಸೇವೆ ಕೊಡುವ ಎಲ್ಲರೂ ಅದರಲ್ಲಿದ್ದಾರೆ ಎನ್ನುವ ಅರ್ಥದಲ್ಲಿ ಅಂಬೇಡ್ಕರ್ ಉತ್ತರ ಕೊಟ್ಟರು. ನಿಮ್ಮ ಲಗ್ನಪತ್ರಿಕೆ ಅಂಗಡಿಯೂ ಅದರಲ್ಲಿದೆ.

ಧರ್ಮದ ಸ್ವಾತಂತ್ರ್ಯ ಕೊಡುವ ಇಪ್ಪತ್ತೈದನೇ ವಿಧಿಯೂ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಆ ವಿಧಿ ಶುರುವಾಗುವುದೇ ಷರತ್ತಿನಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇದೇ ಭಾಗದ ಇತರ ವಿಧಿಗಳಿಗೆ ಒಳಪಟ್ಟು. ಆ ಇತರ ವಿಧಿಗಳಲ್ಲಿ ಹದಿನೈದೂ ಒಂದು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆ 1950ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗೌಡ ಸಾರಸ್ವತರಿಗೆ ಸೇರಿದ ದೇವಸ್ಥಾನ, ಹೌದು. ಕೆಲವು ವಿಶೇಷ ಸೇವೆಗಳನ್ನು ಅವರು ತಮ್ಮವರಿಗೇ ಇಟ್ಟುಕೊಳ್ಳಲಿ. ಬಾಗಿಲು ಮಾತ್ರ ಎಲ್ಲ ಹಿಂದೂಗಳಿಗೂ ತೆರೆದಿರಬೇಕು ಎಂದಿತು ಕೋರ್ಟ್. ದೇವರಿರುವ ಗುಡಿಗೇ ಇಷ್ಟು ಕಟ್ಟು ಇರುವಾಗ, ಟ್ರೇಡ್ ಲೈಸೆನ್ಸ್ ಪಡೆದು ರಸ್ತೆಗೆ ಬೋರ್ಡ್ ಹಾಕಿದ ಅಂಗಡಿಗೆ ಇಲ್ಲವೇ?

ಆ ಜೋಡಿಯ ಬಗ್ಗೆ ಒಂದು ಮಾತು. ಮತ ಬದಲಿಸದೆ ಮದುವೆಯಾಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ. ಅದರಲ್ಲಿ ಅವರ ಹೆಸರು, ವಿಳಾಸ ಇರುವ ನೋಟೀಸು 30 ದಿನ ಕಚೇರಿಯ ಬೋರ್ಡಿನಲ್ಲಿ ನೇತಾಡುತ್ತದೆ. ಯಾರು ಬೇಕಾದರೂ ಓದಬಹುದು, ಮನೆ ಬಾಗಿಲಿಗೆ ಬರಬಹುದು. ಅಷ್ಟನ್ನೂ ತಡೆದುಕೊಂಡು, ಎಲ್ಲರ ಹಾಗೆ ನಾಲ್ಕು ಜನರನ್ನು ಕರೆಯೋಣ ಎಂದು ಕಾರ್ಡಿಗೆ ಬಂದಿದ್ದರು. ನೀವು ಪಕ್ಕದ ಅಂಗಡಿ ಇದೆಯಲ್ಲ ಎನ್ನಬಹುದು. ಸುಲ್ತಾನಪೇಟೆಯಲ್ಲಿ ಇದೆ. ಒಂದೇ ಅಂಗಡಿ ಇರುವ ಊರಿನಲ್ಲಿ? ಎಲ್ಲ ಅಂಗಡಿಯವರೂ ನಿಮ್ಮ ಹಾಗೇ ಯೋಚಿಸಿದರೆ?

ಎಲ್ಲರೂ ಹಾಗೇ ಯೋಚಿಸಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ. ನಮ್ಮ ಪತ್ರಿಕೆಯಲ್ಲೇ ಕೆಲಸ ಮಾಡುವ ಹುಡುಗಿಯೊಬ್ಬಳು ಜಯನಗರ, ಬನಶಂಕರಿ ಎಲ್ಲ ಅಲೆದಳು. ಫೋನಿನಲ್ಲಿ ‘ಬನ್ನಿ, ಮನೆ ನೋಡಿ’ ಎನ್ನುತ್ತಾರೆ. ಹೆಸರು ಕೇಳುತ್ತಾರೆ. ಹೇಳಿದ ತಕ್ಷಣ ‘ಅಯ್ಯೋ, ಈಗಷ್ಟೇ ಕೊಟ್ಟುಬಿಟ್ವಲ್ಲಮ್ಮ’. ಮುಂದಿನ ಭಾನುವಾರವೂ ಅದೇ ಗೇಟಿನಲ್ಲಿ ಅದೇ ಟು ಲೆಟ್ ಬೋರ್ಡು. ದಲಿತ ಗೆಳೆಯರೊಬ್ಬರನ್ನು ಜಾತಿ ಕೇಳುವುದಿಲ್ಲ, ‘ನೀವು ವೆಜ್ಜಾ?’ ಎಂದು ಕೇಳುತ್ತಾರೆ. ಮುಸ್ಲಿಮರಿಗೆ ಬೇಕಾದ ಕಡೆ ಮನೆ ಸಿಗುವುದು ಕಷ್ಟವಾಗುತ್ತಿದೆ ಎಂದು, ಅವರ ಸ್ಥಿತಿಗತಿ ನೋಡಲು ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿ 2006ರಲ್ಲೇ ಬರೆದಿತ್ತು. ದಲಿತರಿಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ: ಅಸ್ಪೃಶ್ಯತೆಯ ಕಾರಣಕ್ಕೆ ಅಂಗಡಿಯಿಂದ ತಡೆದರೆ ಒಂದರಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ಮಿಕ್ಕವರು ಸಂವಿಧಾನದ ಪುಸ್ತಕ ಹಿಡಿದುಕೊಂಡು ರಿಟ್ ಹಾಕಬೇಕು. ಯಾರಿಗಿದೆ ಅಷ್ಟು ತಾಳ್ಮೆ, ದುಡ್ಡು? ಎಲ್ಲ ಬಗೆಯ ಭೇದಕ್ಕೂ ಅನ್ವಯಿಸುವ ಖಾಸಗಿ ಮಸೂದೆಯೊಂದನ್ನು ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾನೂನಾಗಲೇ ಇಲ್ಲ. ನಮಗೆ ಬೇಕಾದದ್ದು ಅಂಥ ಕಾನೂನು ಸ್ವಾಮಿ, ನೀವು ಕೇಳುವಂಥದ್ದಲ್ಲ.

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟು ಬಂದ ಹಾವೇರಿಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ಇಡೀ ಕರ್ನಾಟಕ ಎದ್ದು ನಿಂತಿತು. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಎಂದಿತು ಸರ್ಕಾರ. ಮಾಲು ಅವರದು, ಬಂಡವಾಳ ಅವರದು ಎಂದು ಆವತ್ತು ಒಬ್ಬರೂ ಅನ್ನಲಿಲ್ಲ. ಆ ಹಿರಿಯರಿಗೆ ಆದ ಅವಮಾನ ನಮಗೆಲ್ಲ ತಟ್ಟಿತು. ಆ ಹುಡುಗ ಹುಡುಗಿಗೆ ಆದದ್ದು ಮಾತ್ರ ಯಾಕೆ ತಟ್ಟುವುದಿಲ್ಲ?

ನಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿಗೂ ‘ಇಂಥವರಿಗೆ ಮಾತ್ರ’ ಎನ್ನುವ ಬಾಡಿಗೆ ಮನೆಗಳು ಬರುತ್ತವೆ. ಆ ಸಾಲನ್ನು ನಾವು ಅಚ್ಚು ಹಾಕುವುದಿಲ್ಲ. ಹಾಗೆಂದು ತಂದವರನ್ನು ವಾಪಸ್ ಕಳಿಸುವುದಿಲ್ಲ. ಅವರ ಜಾತಿ, ಧರ್ಮ ಕೇಳುವುದೂ ಇಲ್ಲ. ಎಷ್ಟು ಕೋಣೆ, ಎಷ್ಟು ಅಡ್ವಾನ್ಸು, ಕಾವೇರಿ ನೀರು ಬರುತ್ತದಾ, ಅಷ್ಟು ಬರೆದುಕೊಡಿ, ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ ಎನ್ನುತ್ತೇವೆ. ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಜಾಸ್ತಿ ಜನ ಅಲ್ಲೇ ಪೆನ್ನು ಕೇಳಿ, ಆ ಸಾಲು ಹೊಡೆದುಹಾಕಿ ಕೊಡುತ್ತಾರೆ.

— ಸಂಪಾದಕ