ಮೊದಲ ಪುಟಗಳಲ್ಲಿ ಯಾರ ಹೆಸರು?

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ಆರಂಭ ಕಾಲದ ಲೇಖಕಿಯರು ಹೆಸರು ಮರೆಸಿಕೊಂಡೇ ಪುಸ್ತಕ ಪ್ರಕಟಿಸುತ್ತಿದ್ದರು ಎಂದು ಪಾಠದಲ್ಲಿ ಕೇಳಿದೆ. ಹಾಗಿದ್ದರೆ ಆನ್ ಬ್ರಾಡ್‌ಸ್ಟ್ರೀಟ್ ಹೆಸರು ನಮಗೆ ಹೇಗೆ ಗೊತ್ತಾಯಿತು?
– ಧಾರವಾಡದ ಓದುಗರು

ಉತ್ತರ: ಹೆಸರು ಮರೆಸುವುದು, ಹೆಸರು ಸಾರುವುದು ಎರಡೂ ಬ್ರಾಡ್‌ಸ್ಟ್ರೀಟ್ ಅವರ ಒಂದೇ ಪುಸ್ತಕದಲ್ಲಿ ಇವೆ. 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ದಿ ಟೆಂತ್ ಮ್ಯೂಸ್’ ಕವನ ಸಂಕಲನದ ಶೀರ್ಷಿಕೆ ಪುಟದಲ್ಲಿ ಕವಿಯ ಹೆಸರಿಲ್ಲ, ‘ಆ ಕಡೆಯ (ಅಂದರೆ ಅಮೆರಿಕದ) ಕುಲೀನ ಮಹಿಳೆಯೊಬ್ಬಳು’ ಎಂದಷ್ಟೇ ಇದೆ. ಒಂದೆರಡು ಹಾಳೆ ತಿರುವಿದರೆ ಗಂಡಸರು ಬರೆದ ಹೊಗಳಿಕೆಯ ಪದ್ಯಗಳು ಬರುತ್ತವೆ, ಅವುಗಳಲ್ಲಿ ಆಕೆಯ ಹೆಸರು ರಾಜಾರೋಷವಾಗಿ ಇದೆ. ಹೆಂಗಸು ತಾನೇ ಹೆಸರು ಹಾಕಿಕೊಂಡರೆ ಅದು ಅಹಂಕಾರ, ಮರ್ಯಾದಸ್ಥರು ಹಾಕಿದರೆ ಗೌರವ. ಆ ಕಾಲದ ಲೆಕ್ಕ ಅದು.

ಆಕೆ 1630ರಲ್ಲಿ ಅರ್ಬೆಲಾ ಹಡಗಿನಲ್ಲಿ ತಂದೆ ಮತ್ತು ಗಂಡನ ಜೊತೆ ಮ್ಯಾಸಚೂಸೆಟ್ಸ್‌ಗೆ ಬಂದವರು, ಎಂಟು ಮಕ್ಕಳನ್ನು ಹೆತ್ತವರು. ಅವರ ಕವನಗಳ ಹಸ್ತಪ್ರತಿಯನ್ನು ಅವರಿಗೆ ತಿಳಿಸದೆ ಲಂಡನ್ನಿಗೆ ಒಯ್ದವರು ತಂಗಿಯ ಗಂಡ ಜಾನ್ ವುಡ್‌ಬ್ರಿಜ್. ಅವರ ಮುನ್ನುಡಿಯನ್ನು ನೀವು ತಪ್ಪದೆ ಓದಬೇಕು. ಈಕೆ ದೈವಭಕ್ತೆ, ಸನ್ನಡತೆಯವಳು, ಈ ಕವನಗಳು ನಿದ್ದೆಯಿಂದಲೂ ವಿಶ್ರಾಂತಿಯಿಂದಲೂ ಕದ್ದ ಕೆಲವೇ ಗಳಿಗೆಗಳ ಫಲ ಎಂದು ಅವರು ಭರವಸೆ ಕೊಡುತ್ತಾರೆ. ಕವನ ಚೆನ್ನಾಗಿದೆ ಎಂದರೆ ಸಾಲದು, ಮನೆಗೆಲಸ ಕೆಟ್ಟಿಲ್ಲ ಎಂದೂ ಹೇಳಬೇಕಿತ್ತು!

ಕವಿಯ ಉತ್ತರ ಬಂದದ್ದು ಆಕೆ ತೀರಿಕೊಂಡ ಆರು ವರ್ಷದ ಮೇಲೆ, 1678ರ ಬಾಸ್ಟನ್ ಆವೃತ್ತಿಯಲ್ಲಿ. ತನ್ನ ಪುಸ್ತಕವನ್ನೇ ಮಗುವೆಂದು ಕರೆದು ಮಾತನಾಡಿಸುವ ಪದ್ಯ ಅದು. ನಂಬಿಕಸ್ಥರಾದರೂ ಅಷ್ಟು ಜಾಣರಲ್ಲದ ಸ್ನೇಹಿತರು ನಿನ್ನನ್ನು ನನ್ನ ಮಗ್ಗುಲಿನಿಂದ ಎತ್ತಿಕೊಂಡು ಹೋಗಿ ಹರಕು ಬಟ್ಟೆಯಲ್ಲೇ ಅಚ್ಚಿಗೆ ಕೊಟ್ಟರು ಎನ್ನುತ್ತಾರೆ ತಾಯಿ. ಮುಖ ತೊಳೆದಳಂತೆ, ಒಂದು ಕಲೆ ಉಜ್ಜಿದರೆ ಇನ್ನೊಂದು ಎದ್ದಿತಂತೆ. ಪಾದಗಳು ಸಮವಾಗಲೆಂದು ಕೀಲುಗಳನ್ನು ಎಳೆದರೂ ಮಗು ಕುಂಟುತ್ತಲೇ ನಡೆಯಿತಂತೆ. ಕಾಲಿನ ಪಾದ, ಛಂದಸ್ಸಿನ ಪಾದ ಎಂಬ ಶ್ಲೇಷೆ ನಮ್ಮ ಭಾಷೆಗೂ ಸಲೀಸಾಗಿ ಬರುವುದು ನನಗೆ ಪ್ರತಿ ಸಲ ಓದಿದಾಗಲೂ ಸಂತೋಷ ಕೊಡುತ್ತದೆ. ತಪ್ಪಾಯಿತು ಎನ್ನುತ್ತಲೇ ಒಂದೊಂದು ಸಾಲನ್ನೂ ಮತ್ತೆ ತಿದ್ದಿದ ಹೆಂಗಸು ಆಕೆ. ಇದನ್ನು ಬರಿಯ ವಿನಯ ಎಂದು ಓದಬೇಡಿ.

ಹೆಸರು ಪೂರ್ತಿ ಮುಚ್ಚಿಹೋದದ್ದೂ ಉಂಟು. ಹ್ಯಾನಾ ಫಾಸ್ಟರ್ ಅವರ ‘ದಿ ಕೊಕೆಟ್’ ಕಾದಂಬರಿ 1797ರಲ್ಲಿ ‘ಮ್ಯಾಸಚೂಸೆಟ್ಸ್‌ನ ಮಹಿಳೆಯೊಬ್ಬಳು’ ಬರೆದದ್ದು ಎಂದು ಹೊರಬಂತು, ಜನ ಮುಗಿಬಿದ್ದು ಓದಿದರು. ಅದರ ಶೀರ್ಷಿಕೆ ಪುಟದಲ್ಲಿ ಅವರ ಹೆಸರು ಕಂಡದ್ದು 1866ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 26 ವರ್ಷ ಕಳೆದಿತ್ತು.

ಪ್ರಶ್ನೆ: ಗುಲಾಮಳಾಗಿದ್ದ ಕವಿ ಫಿಲಿಸ್ ವೀಟ್ಲಿಯನ್ನು ಬಾಸ್ಟನ್ನಿನ 18 ಗಣ್ಯರು ಒಂದು ಸಭಾಂಗಣದಲ್ಲಿ ಕೂರಿಸಿ ಪರೀಕ್ಷೆ ಮಾಡಿದರು ಎಂಬ ಕಥೆ ನಿಜವೇ?
– ಮೈಸೂರಿನ ಓದುಗರು

ಉತ್ತರ: 18 ಸಹಿಗಳು ನಿಜ. ಸಭಾಂಗಣದ ಪರೀಕ್ಷೆಗೆ ದಾಖಲೆಯಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಪ್ರಶ್ನೆ ಕೇಳಿದರು ಎಂಬುದು ನಂತರದವರ ಕಲ್ಪನೆ, ಹೇಳುತ್ತ ಹೇಳುತ್ತ ಅದು ಇತಿಹಾಸದಂತೆ ಆಗಿಬಿಟ್ಟಿದೆ.

ಪುಸ್ತಕದಲ್ಲಿ ಇರುವುದನ್ನು ನೋಡೋಣ. ಆಫ್ರಿಕಾದಿಂದ 1761ರಲ್ಲಿ ಹಡಗಿನಲ್ಲಿ ತಂದಾಗ ಆ ಹುಡುಗಿಗೆ ಏಳು ವರ್ಷವಿರಬಹುದು, ಮುಂದಿನ ಹಲ್ಲು ಉದುರಿತ್ತು. ಹಡಗಿನ ಹೆಸರೇ ಫಿಲಿಸ್. ಕೊಂಡವರ ಮನೆತನದ ಹೆಸರು ವೀಟ್ಲಿ. ಅವಳನ್ನು ನಾವು ಕರೆಯುವ ಎರಡು ಹೆಸರುಗಳೂ ಹೀಗೆ ಬಂದವು. 1772ರಲ್ಲಿ ಬಾಸ್ಟನ್ನಿನಲ್ಲೇ ಪುಸ್ತಕ ತರಲು ಪತ್ರಿಕೆಯಲ್ಲಿ ಚಂದಾ ಪ್ರಕಟಣೆ ಹೊರಟಿತು. ಮೊದಲು ಚಂದಾದಾರರ ಹೆಸರು ಕೂಡಿಸಿ, ಸಾಕಷ್ಟು ಮಂದಿ ಸೇರಿದ ಮೇಲೆ ಅಚ್ಚು ಹಾಕುವುದು ಆಗಿನ ಪದ್ಧತಿ. ಸಾಕಷ್ಟು ಮಂದಿ ಸೇರಲಿಲ್ಲ. ಪುಸ್ತಕ ಮರುವರ್ಷ ಲಂಡನ್ನಿನಲ್ಲಿ ಅಚ್ಚಾಯಿತು.

ಅದರ ಮೊದಲ ಪುಟಗಳಲ್ಲಿ ಎರಡು ವಸ್ತುಗಳಿವೆ. ಒಂದು, ಪ್ರಮಾಣಪತ್ರ: ಈ ಕವನಗಳನ್ನು ಇವಳೇ ಬರೆದಿದ್ದಾಳೆಂದು ನಾವು ನಂಬುತ್ತೇವೆ, ಬಲ್ಲವರು ಇವಳನ್ನು ಪರೀಕ್ಷಿಸಿದ್ದಾರೆ ಎಂದು ಗವರ್ನರ್ ಥಾಮಸ್ ಹಚಿನ್ಸನ್, ಜಾನ್ ಹ್ಯಾನ್‌ಕಾಕ್ ಮುಂತಾದ 18 ಮಂದಿ ಹೆಸರು ಹಾಕಿದ್ದಾರೆ. ಅವಳ ಯಜಮಾನನ ಹೆಸರೂ ಅದರಲ್ಲಿದೆ. ಇನ್ನೊಂದು, ಚಿತ್ರ. ಮೇಜಿನ ಮುಂದೆ ಕುಳಿತಿದ್ದಾಳೆ, ಬಲಗೈಯಲ್ಲಿ ಗರಿಯ ಲೇಖನಿ, ಎಡಗೈ ಕೆನ್ನೆಗೆ, ಎದುರಿಗೆ ಮಸಿಕುಡಿಕೆ ಮತ್ತು ಕಾಗದ. ಯೋಚಿಸುತ್ತಿರುವ ಕವಿ. ಅದರ ಅಂಡಾಕಾರದ ಚೌಕಟ್ಟಿನ ಸುತ್ತ ಅಚ್ಚಾಗಿರುವುದು ‘ಬಾಸ್ಟನ್ನಿನ ಜಾನ್ ವೀಟ್ಲಿಯವರ ನೀಗ್ರೋ ಸೇವಕಿ’ ಎಂಬ ಮಾತು. ಆ ಚೌಕಟ್ಟಿನ ಮೇಲೆ ಕಣ್ಣು ಹೋದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪುಸ್ತಕ ಬಂದ ವರ್ಷವೇ ಅವಳಿಗೆ ಬಿಡುಗಡೆ ಸಿಕ್ಕಿತು. 1779ರಲ್ಲಿ ಎರಡನೆಯ ಸಂಪುಟಕ್ಕೆ ಪ್ರಕಟಣೆ ಕೊಟ್ಟಳು: 33 ಕವನ, 13 ಪತ್ರ, ಬೆಂಜಮಿನ್ ಫ್ರಾಂಕ್ಲಿನ್ನರಿಗೆ ಅರ್ಪಣೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, ಚಂದಾದಾರರು ಮತ್ತೆ ಸಿಗಲಿಲ್ಲ. 1784ರ ಡಿಸೆಂಬರಿನಲ್ಲಿ ಬಡತನದಲ್ಲೇ ತೀರಿಕೊಂಡಳು. ಆ ಹಸ್ತಪ್ರತಿ ಇಂದಿಗೂ ಸಿಕ್ಕಿಲ್ಲ. 18 ಜನ ಪರೀಕ್ಷೆ ಮಾಡಿದರೇ ಎಂದು ಕೇಳುವವರು ಬಹಳ. ಈ ಎರಡನೆಯ ಪುಸ್ತಕದ ಬಗ್ಗೆಯೂ ಯಾರಾದರೂ ಕೇಳಲಿ ಎಂದು ನನ್ನ ಆಸೆ.

ಪ್ರಶ್ನೆ: ಬರೆದ ಹೆಂಗಸರಿಗೆ ದುಡ್ಡು ಸಿಗುತ್ತಿತ್ತೇ? ಅಚ್ಚುಕೂಟಗಳಲ್ಲಿ ಹೆಂಗಸರು ಇದ್ದರೇ?
– ಶಿವಮೊಗ್ಗದ ಓದುಗರು

ಉತ್ತರ: ಹ್ಯಾನಾ ಆಡಮ್ಸ್ ಅವರ ಲೆಕ್ಕ ಕೇಳಿ. ಯುದ್ಧಕಾಲದಲ್ಲಿ ಲೇಸು ಹೆಣೆದು ಬದುಕುತ್ತಿದ್ದ ಇವರು 1784ರಲ್ಲಿ ಜಗತ್ತಿನ ಮತಪಂಥಗಳನ್ನು ಕುರಿತ ಪುಸ್ತಕ ತಂದರು. 400ಕ್ಕೂ ಹೆಚ್ಚು ಚಂದಾದಾರರನ್ನು ತಾವೇ ಕೂಡಿಸಿದರು. ಲಾಭವೆಲ್ಲ ಮುದ್ರಕನ ಪಾಲಾಯಿತು, ಇವರ ಕೈಗೆ ಬಂದದ್ದು 50 ಪ್ರತಿಗಳು, ಅವನ್ನೂ ತಾವೇ ಮಾರಿಕೊಳ್ಳಬೇಕು. 1791ರ ಎರಡನೆಯ ಆವೃತ್ತಿಯ ಹೊತ್ತಿಗೆ ಕೃತಿಸ್ವಾಮ್ಯದ ಹೊಸ ಕಾನೂನು ಬಂದಿತ್ತು. ಹಕ್ಕನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಸಾಲ ತೀರಿಸಿದರು.

ಆಡಮ್ಸ್ ಮದುವೆಯಾಗಿರಲಿಲ್ಲ. ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್ ಕಾನೂನನ್ನು ಅನುಸರಿಸಿದ ಆ ನಾಡಿನಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವುದು ಸಾಮಾನ್ಯವಾಗಿ ಸಾಧ್ಯವಿರಲಿಲ್ಲ, ಗಳಿಕೆ ಗಂಡನದು. ಹಾಗಾಗಿಯೇ ಅಚ್ಚುಕೂಟ ನಡೆಸಿದ ಹೆಂಗಸರ ಪಟ್ಟಿ ತೆಗೆದರೆ ವಿಧವೆಯರೇ ಸಾಲುಸಾಲು. ನ್ಯೂಪೋರ್ಟಿನ ಆನ್ ಫ್ರಾಂಕ್ಲಿನ್, ಚಾರ್ಲ್ಸ್‌ಟನ್ನಿನ ಎಲಿಜಬೆತ್ ಟಿಮೊಥಿ ಇಬ್ಬರೂ ಗಂಡ ಸತ್ತ ಮೇಲೆ ಯಂತ್ರ, ಅಚ್ಚುಮೊಳೆ, ಪತ್ರಿಕೆ ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡವರು. ಮೇರಿಲ್ಯಾಂಡಿನ ಡೈನಾ ನಟ್‌ಹೆಡ್ 1696ರಲ್ಲಿ ಮುದ್ರಣದ ಪರವಾನಗಿ ಪಡೆದಾಗ ಕಾಗದದ ಮೇಲೆ ಹಾಕಿದ್ದು ಗುರುತು ಮಾತ್ರ, ಸಹಿ ಹಾಕಲು ಬರುತ್ತಿರಲಿಲ್ಲ.

ಮದುವೆಯಾಗದೇ ಉಳಿದ ಇನ್ನೊಬ್ಬರು ಬಾಲ್ಟಿಮೋರಿನ ಮೇರಿ ಕ್ಯಾಥರೀನ್ ಗಾಡರ್ಡ್. ಸ್ವಾತಂತ್ರ್ಯ ಘೋಷಣೆಯನ್ನು ಸಹಿ ಹಾಕಿದವರ ಹೆಸರುಗಳೊಡನೆ ಮೊದಲು ಅಚ್ಚು ಹಾಕಿದ್ದು 1777ರ ಜನವರಿಯಲ್ಲಿ, ಇವರ ಅಚ್ಚುಕೂಟದಲ್ಲಿ. ಎಂ. ಕೆ. ಗಾಡರ್ಡ್ ಎಂದು ಮೊಟಕಾಗಿ ಹಾಕುವ ರೂಢಿಯಿದ್ದರೂ ಆ ಹಾಳೆಯ ಅಡಿಯಲ್ಲಿ ಪೂರ್ತಿ ಹೆಸರು ಹಾಕಿದರು. ಬ್ರಿಟಿಷರ ಕಣ್ಣಿಗೆ ಅದು ರಾಜದ್ರೋಹದ ಕಾಗದ. ಊರಿನ ಅಂಚೆ ಕಚೇರಿಯನ್ನು 14 ವರ್ಷ ನಡೆಸಿದ ಅವರನ್ನು 1789ರಲ್ಲಿ ಹುದ್ದೆಯಿಂದ ತೆಗೆದರು. ಇನ್ನೂರಕ್ಕೂ ಹೆಚ್ಚು ನಾಗರಿಕರು ಮನವಿ ಬರೆದರೂ ಮರಳಿ ಕೊಡಲಿಲ್ಲ.

ಎಲ್ಲಿ ಓದಬಹುದು ಎಂದು ಮೂವರೂ ಕೇಳಿದ್ದೀರಿ. ಇವೆಲ್ಲ ಕೃತಿಸ್ವಾಮ್ಯ ಕಳೆದ ಪುಸ್ತಕಗಳು, ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮತ್ತೆ ಟೈಪ್ ಮಾಡಿದ ಪಠ್ಯ ಬೇಡ, ಹಳೆಯ ಪ್ರತಿಯ ಸ್ಕ್ಯಾನ್ ಹುಡುಕಿ. ಟೈಪ್ ಮಾಡುವವರು ಎಷ್ಟೋ ಸಲ ಕವನಗಳಿಂದಲೇ ಶುರು ಮಾಡಿ, ಮುನ್ನುಡಿ, ಪ್ರಮಾಣಪತ್ರ, ಚಿತ್ರ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.